ಉಣ್ಣೆಯ ಕಂಕಣ, ಕಬ್ಬಿಣದ ಬಾಕು

ವನದುರ್ಗ
೧೪ ಜನವರಿ ೧೯೫೦

ಹೈದರಾಬಾದಿನಲ್ಲಿರುವ ನಮ್ಮ ಯಜಮಾನರಿಗೆ ರೇಣಮ್ಮ ಮಾಡುವ ನಮಸ್ಕಾರ.

ಯಾವ ರೇಣಮ್ಮ ಎಂದು ಕೇಳುವಿರೇನೋ. ಅಬ್ಬೆತುಮಕೂರಿನ ಕುರಿ ಬಾಲಪ್ಪನ ಮಗಳು, ನಿಮ್ಮ ಹೆಂಡತಿ. ರಜಾಕಾರರ ಗದ್ದಲದ ವರ್ಷ ನೀವು ಗಡಿ ದಾಟಿ ಮುಂಬಯಿ ಸರಕಾರದ ಸೀಮೆಯಲ್ಲಿ ಇದ್ದಿರಿ. ಬೆಳೆದ ಹುಡುಗಿಯನ್ನು ಅಂಥ ದಿನಗಳಲ್ಲಿ ಮನೆಯಲ್ಲಿ ಇಟ್ಟುಕೊಳ್ಳಲು ಅಪ್ಪನಿಗೆ ಹೆದರಿಕೆ. ಆಗ ನಿಮ್ಮ ಬದಲು ನಿಮ್ಮ ಮನೆತನದ ಬಾಕು ನಮ್ಮ ಹಂದರಕ್ಕೆ ಬಂತು. ಕಂಬಳಿಯ ಮೇಲೆ ನನ್ನ ಮಗ್ಗುಲಿಗೆ ಅದನ್ನಿಟ್ಟು, ಬಾಸಿಂಗ ಕಟ್ಟಿ, ಅಕ್ಕಿಕಾಳು ಹಾಕಿದರು. ನೀವೇ ಒಪ್ಪಿ ಕಳಿಸಿದ್ದೆಂದು ಅತ್ತೆ ಹೇಳಿದರು.

ಅಂಥ ಮದುವೆಯ ಕಟ್ಟಳೆ ನಿಮಗೂ ಗೊತ್ತು. ಮದುಮಗಳ ಕೈಗೆ ಕಟ್ಟಿದ ಉಣ್ಣೆಯ ಕಂಕಣವನ್ನು ಗಂಡನೇ ಬಂದು ಅದೇ ಬಾಕಿನಿಂದ ಕೊಯ್ಯಬೇಕು. ಅಲ್ಲಿಯವರೆಗೆ ನಾನು ತವರಿಗೆ ಹೋಗುವಂತಿಲ್ಲ, ಮುತ್ತೈದೆಯರ ಸಾಲಿನಲ್ಲಿ ಕೂಡುವಂತಿಲ್ಲ, ಕನ್ಯೆಯರ ಸಾಲಂತೂ ತಪ್ಪೇ ಹೋಯಿತು. ಎರಡು ವರ್ಷವಾಗುತ್ತ ಬಂತು. ಕಂಕಣ ಬಣ್ಣ ಹೋಗಿ ಮುಸುರೆ ತಿಕ್ಕುವ ಜುಂಗಿನಂತಾಗಿದೆ.

ನಿಮ್ಮ ಬಾಕಿನ ಬಗ್ಗೆ ನನ್ನದೇನೂ ದೂರಿಲ್ಲ. ಗೊರಕೆ ಹೊಡೆಯುವುದಿಲ್ಲ, ರೊಟ್ಟಿ ದಪ್ಪಗಾಯಿತು ಎನ್ನುವುದಿಲ್ಲ. ಆದರೂ ಒಂದು ಮಾತು ಕೇಳೋಣವೆಂದರೆ ಅದು ಆಡುವುದಿಲ್ಲ. ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ. ಅಕ್ಷರ ಕಲಿಸಿದ್ದು ನಮ್ಮೂರ ಮಠದ ಅಯ್ಯನವರು. ತಪ್ಪಿದ್ದರೆ ಅವರನ್ನು ಬೈಯಿರಿ, ನನ್ನನ್ನಲ್ಲ.

ಯಾವಾಗ ಬರುತ್ತೀರಿ?

ರೇಣಮ್ಮ


ಹೈದರಾಬಾದು
೩ ಫೆಬ್ರುವರಿ ೧೯೫೦

ರೇಣಮ್ಮನವರಿಗೆ,

ಪತ್ರ ತಲುಪಿತು. ಅವ್ವನ ಆರೋಗ್ಯ ನೋಡಿಕೊಳ್ಳುತ್ತಿರುವುದಕ್ಕೆ ಉಪಕಾರ. ನಿಮಗೆ ಓದುಬರಹ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

ಇಲ್ಲಿ ನನಗೆ ಹಳೆಯ ವಸ್ತುಗಳ ಕಚೇರಿಯಲ್ಲಿ ಚಿತ್ರ ಬರೆಯುವ ಕೆಲಸ. ನೆಲ ಅಗೆದಾಗ ಸಿಕ್ಕಿದ ಕತ್ತಿ, ಚೂರಿ, ಬಾಕುಗಳನ್ನು ಅಳತೆ ಹಿಡಿದು ಕಾಗದಕ್ಕೆ ಇಳಿಸುತ್ತೇನೆ. ಗಂಗಾನದಿಯ ಸೀಮೆಯ ತಾಮ್ರದ ಕತ್ತಿಗಳಿವೆ, ಅವುಗಳ ಹಿಡಿಯ ತುದಿ ಎರಡಾಗಿ ಸೀಳಿ ಮೀಸೆಯಂತೆ ಹೊರಳಿರುತ್ತದೆ. ನಮ್ಮ ಕಡೆಯ ಕಲ್ಲುಗೋರಿಗಳಲ್ಲಿ ಸಿಗುವುದು ಕಬ್ಬಿಣದ್ದು. ಸತ್ತವನ ಎಲುಬಿನ ಪಕ್ಕದಲ್ಲೇ ಇಟ್ಟಿರುತ್ತಾರೆ. ಅಜಂತಾದ ಗೋಡೆಯ ಚಿತ್ರಗಳಲ್ಲಿಯ ಅಗಲ ಕತ್ತಿಗಳನ್ನೂ ಬರೆದದ್ದಾಯಿತು. ನನ್ನ ಮೇಲಿನವರು ಶರೀಫಸಾಬರು. ರಾಯಚೂರಿನವರು, ಕನ್ನಡ ನಮ್ಮಂತೆಯೇ ಆಡುತ್ತಾರೆ. ಕಲ್ಲಿನಲ್ಲಿ ಕಡೆದ ಬಾಕುಗಳ ಒಂದು ತಖ್ತೆ, ಅಂದರೆ ಚಿತ್ರಗಳ ಪಟ್ಟಿ, ಮಾಡುವ ಹಂಬಲ ಅವರಿಗೆ.

ಸದ್ಯ ರಜೆ ಸಿಗುವಂತಿಲ್ಲ.

ಕೋಟೆಯ ಬಾಗಿಲ ಬಳಿ ಹನುಮಪ್ಪನ ಗುಡಿಯ ಹಿಂದೆ ಒಂದು ವೀರಗಲ್ಲು ಇದೆ. ವೀರನ ಸೊಂಟದಲ್ಲಿ ಬಾಕು ಎಡಕ್ಕಿದೆಯೋ ಬಲಕ್ಕಿದೆಯೋ ಮರೆತಿದ್ದೇನೆ. ಆ ಕಡೆ ಹೋದರೆ ನೋಡಿ ತಿಳಿಸಿರಿ.

ಸಾಬಣ್ಣ


ವನದುರ್ಗ
೨೪ ಫೆಬ್ರುವರಿ ೧೯೫೦

ಯಜಮಾನರಿಗೆ ನಮಸ್ಕಾರ.

ಹೆಂಡತಿ ಯಾವಾಗ ಬರುತ್ತೀರಿ ಎಂದು ಕೇಳಿದರೆ, ಗಂಡ ಕಲ್ಲಿನವನ ಸೊಂಟದಲ್ಲಿ ಏನಿದೆ ಎಂದು ಕೇಳುತ್ತಾನೆ. ಇರಲಿ. ನೋಡಿ ಬಂದೆ.

ಬಾಕು ಬಲಕ್ಕಿದೆ. ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಎತ್ತಿದ ಕತ್ತಿ. ಬಾಕಿನ ಹಿಡಿಯ ತುದಿಗೆ ಬಾರಿಹಣ್ಣಿನಷ್ಟು ಗುಂಡು. ಒರೆ ಕೆಳಗೆ ಬರುತ್ತ ಸ್ವಲ್ಪ ಬಾಗಿದೆ. ಮೇಲಿನ ಪಟ್ಟಿಯಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಕೈಲಾಸಕ್ಕೆ ಒಯ್ಯುತ್ತಿದ್ದಾರೆ. ಅಲ್ಲಿ ಕತ್ತಿ ಇಲ್ಲ, ಗುರಾಣಿ ಇಲ್ಲ, ಬಾಕು ಮಾತ್ರ ಸೊಂಟದಲ್ಲೇ ಇದೆ. ಅಂಥ ಚೆಲುವೆಯರು ಎರಡೂ ಕಡೆ ಇದ್ದರೂ ಪುಣ್ಯಾತ್ಮ ಅದನ್ನು ಬಿಟ್ಟಿಲ್ಲ.

ಕಲ್ಲಿಗೆ ಎಣ್ಣೆಯ ಜಿಡ್ಡು ಬೆರಳು ದಪ್ಪ ಹತ್ತಿತ್ತು. ಸೀಗೆಕಾಯಿ ಹಾಕಿ ಮೂರು ದಿನ ತಿಕ್ಕಿದೆ. ನೋಡಿದವರು, ಗಂಡ ಬರಲೆಂದು ಭೀಮಮ್ಮನ ಸೊಸೆ ಕಲ್ಲಿನಪ್ಪನಿಗೆ ಹರಕೆ ಹೊತ್ತಿದ್ದಾಳೆ ಎಂದುಕೊಂಡರು. ನಾಲ್ಕನೆಯ ದಿನ ಇನ್ನಿಬ್ಬರು ಹೆಂಗಸರು ದೀಪ ಹಚ್ಚಲು ಬಂದರು, ಕಲ್ಲಿಗೆ ಮತ್ತೆ ಎಣ್ಣೆ. ನನಗೆ ಬಂದ ಸಿಟ್ಟಿಗೆ ಆ ವೀರನೇ ಹೆದರಿರಬೇಕು.

ಬರೀ ಮಾತಿನಲ್ಲಿ ಹೇಳಿದರೆ ನಿಮಗೆ ಸಾಲದೆಂದು ಅಂಬ್ರಪ್ಪನ ಅಂಗಡಿಯಿಂದ ಬೆಲ್ಲ ಕಟ್ಟುವ ತೆಳ್ಳನೆಯ ಕಾಗದ ತಂದು, ಕಲ್ಲಿನ ಮೇಲೆ ಹಾಸಿ, ಇದ್ದಿಲು ತಿಕ್ಕಿದೆ. ಬಾಕು ಹಾಗೆಯೇ ಮೂಡಿತು. ಮಡಚಿ ಕಳಿಸಿದ್ದೇನೆ.

ರೇಣಮ್ಮ


ಹೈದರಾಬಾದು
೧೫ ಮಾರ್ಚ್ ೧೯೫೦

ರೇಣಮ್ಮಾ,

ನಿನ್ನ ಕಾಗದವನ್ನು ಮೇಜಿನ ಮೇಲೆ ಬಿಡಿಸಿದಾಗ ನಮ್ಮ ಕೋಣೆಯ ನಾಲ್ವರೂ ಎದ್ದು ಬಂದರು. ಒರೆಯ ಬಾಗು, ಹಿಡಿಯ ಗುಂಡು, ಸೊಂಟಪಟ್ಟಿಯ ಗಂಟು ಕೂಡ ಬಂದಿದೆ. ಇದನ್ನು ಯಾರೂ ನಿನಗೆ ಕಲಿಸಿಲ್ಲವೆಂದರೆ ನಂಬಲಿಲ್ಲ. ಶರೀಫಸಾಬರು ಕನ್ನಡಕ ಹಣೆಗೇರಿಸಿ, ಯಾರು ತೆಗೆದದ್ದು ಎಂದು ಕೇಳಿದರು. ನಮ್ಮ ಮನೆಯವರು ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಕಿವಿ ಬೆಚ್ಚಗಾಯಿತು.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ. ಅಪ್ಸರೆಯರ ಮಾತಿಗೆ ಒಬ್ಬನೇ ಕುಳಿತು ನಕ್ಕೆ.

ಇನ್ನೊಂದು ಕೆಲಸ. ನಮ್ಮ ಮನೆಯ ಬಾಕನ್ನೂ ಬರೆಯಬೇಕೆಂದು ಮನಸ್ಸಾಗಿದೆ. ತುದಿಯಿಂದ ಹಿಡಿಯವರೆಗೆ ಎಷ್ಟು ಬೆರಳು, ನಡುವಿನ ಏಣು ಎಲ್ಲಿಯವರೆಗೆ ಬಂದಿದೆ, ನೋಡಿ ಬರೆ. ಇದನ್ನೂ ಕಾಗದಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಬೇಗ ಬರೆ.

ಸಾಬಣ್ಣ


ವನದುರ್ಗ
೨ ಆಗಸ್ಟ್ ೧೯೫೦

ಯಜಮಾನರಿಗೆ ನಮಸ್ಕಾರ.

ತಡವಾಯಿತು. ಅತ್ತೆಯ ಮೊಣಕಾಲು ಬಾತಿತ್ತು. ಆಮೇಲೆ ಕುರಿಗಳಿಗೆ ಕಾಲುಬೇನೆ. ಈಗ ಎರಡೂ ಕಡೆ ಗುಣವಿದೆ. ಮಳೆ ಹದವಾಗಿ ಬಿದ್ದು ಸಜ್ಜೆ ಮೊಣಕಾಲೆತ್ತರ ಬಂದಿದೆ.

ಸುರಪುರದ ಸಂತೆಗೆ ಹೋದಾಗ ಬಾವಿಯ ಕಟ್ಟೆಗೆ ಒರಗಿಸಿದ ಒಂದು ಮಾಸ್ತಿಕಲ್ಲು ಕಂಡೆ. ಗಂಡನ ಕೈಯಲ್ಲಿ ಕತ್ತಿ ಇದೆ. ಹೆಂಡತಿ ಇಲ್ಲವೇ ಇಲ್ಲ. ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು, ತೋಳಿನ ತುಂಬ ಬಳೆ, ಅಷ್ಟೇ ಅವಳು. ಇಡೀ ಹೆಣ್ಣುಮಗಳಲ್ಲಿ ಕೈಯೊಂದೇ ಉಳಿಯಿತಲ್ಲ ಎಂದು ಬಹಳ ಹೊತ್ತು ನಿಂತೆ. ಕಾಗದ ಇರಲಿಲ್ಲವಾದ್ದರಿಂದ ಇದ್ದಿಲಿನ ಗುರುತು ತೆಗೆಯಲಿಲ್ಲ. ಕತ್ತಿ ಉದ್ದ, ನೆಟ್ಟಗೆ, ತುದಿ ಮೊಂಡು.

ಮತ್ತೇನೂ ವಿಶೇಷವಿಲ್ಲ.

ರೇಣಮ್ಮ


ಹೈದರಾಬಾದು
೨೦ ಆಗಸ್ಟ್ ೧೯೫೦

ರೇಣಮ್ಮನವರಿಗೆ,

ಸುರಪುರದ ಕಲ್ಲಿನ ವಿವರ ತಲುಪಿತು. ಶರೀಫಸಾಬರಿಗೆ ಒಪ್ಪಿಸಿದ್ದೇನೆ.

ಮನೆಯ ಬಾಕಿನ ಬಗ್ಗೆ ಕೇಳಿದ್ದೆ, ನಾಲ್ಕು ತಿಂಗಳ ಮೇಲೆ ಬಂದ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಯಾವಾಗ ಬರುತ್ತೀರಿ ಎಂಬ ಮಾತೂ ಈ ಸಲ ಇಲ್ಲ. ಬಹುಶಃ ನೀವು ಬಾಕನ್ನು ಕಣ್ಣಿಗೆ ಬೀಳದಂತೆ ಎಲ್ಲೋ ತೆಗೆದಿಟ್ಟಿದ್ದೀರಿ. ತಪ್ಪೇನಿಲ್ಲ. ಮುಖ ನೋಡದವನ ಹೆಸರಿನಲ್ಲಿ ಎರಡು ವರ್ಷ ಕಳೆದವರಿಗೆ ಬೇಸರ ಬರುವುದು ಸಹಜ. ನಾನು ಬರುವುದು ನಿಮಗೆ ಬೇಡವಾಗಿದ್ದರೆ ಸಂಕೋಚಪಡದೆ ಹೇಳಿರಿ.

ಅವ್ವನಿಗೆ ನಮಸ್ಕಾರ ತಿಳಿಸುವುದು.

ಸಾಬಣ್ಣ


ವನದುರ್ಗ
೯ ನವೆಂಬರ್ ೧೯೫೦

ಯಜಮಾನರಿಗೆ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ನೀವು ಬೇಡವೆಂದು ನಾನು ಯಾವ ಬಾಯಿಂದ ಹೇಳಿದೆ? ದಿನಾ ಮುಂಜಾನೆ ಆ ಹೊಲಸು ಕಂಕಣಕ್ಕೆ ಅರಿಷಿಣ ಹಚ್ಚುವವಳು ನಾನು. ನಿಮ್ಮನ್ನು ನೋಡದೆಯೇ ನಿಮ್ಮ ಅಕ್ಷರದ ದಾರಿ ಕಾಯುತ್ತೇನೆ. ಇದಕ್ಕಿಂತ ಬಿಚ್ಚಿ ಹೇಳಲು ನನಗೆ ಬರುವುದಿಲ್ಲ.

ಬಾಕು ಇಲ್ಲ. ಅದಕ್ಕೇ ಬರೆಯಲಿಲ್ಲ.

ಪೊಲೀಸ್ ಆಕ್ಷನ್ ಮುಗಿದ ಮೇಲೆ ಡಂಗುರ ಸಾರಿದರು, ಮನೆಯಲ್ಲಿದ್ದ ಆಯುಧವನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು. ಊರವರು ಕತ್ತಿ, ಬರ್ಚಿ ತಂದು ಚಾವಡಿಯ ಮುಂದೆ ಗುಡ್ಡೆ ಹಾಕಿದರು. ಅತ್ತೆಗೆ ಮನಸ್ಸು ಬರಲಿಲ್ಲ. ಸೊಸೆಯ ಕಂಕಣ ಕೊಯ್ಯುವ ಬಾಕನ್ನು ಕೊಟ್ಟರೆ ಮಗ ಬಂದು ಏನು ಮಾಡಬೇಕು? ಇಬ್ಬರೂ ಸೇರಿ ಅದನ್ನು ಅರಿವೆಯಲ್ಲಿ ಸುತ್ತಿ, ನಮ್ಮ ಹೊಲದಾಚೆ ಪಾಂಡವರ ಕಲ್ಲುಮನೆಗಳಿವೆಯಲ್ಲ, ಆ ದುಂಡನೆಯ ಕಲ್ಲುಸಾಲು, ಅದರಲ್ಲಿ ಮೂರನೆಯದರ ನಡುವೆ ಹೂತೆವು. ದೆವ್ವದ ಹೆದರಿಕೆಗೆ ಅಲ್ಲಿ ಕುರಿ ಕಾಯುವವರೂ ಕಾಲಿಡುವುದಿಲ್ಲ, ಅದಕ್ಕಿಂತ ಭದ್ರ ಜಾಗ ಯಾವುದೆಂದು ಹಾಗೆ ಮಾಡಿದೆವು.

ನೀವು ಅಳತೆ ಕೇಳಿದಿರಿ. ತೆಗೆಯಬೇಡವೆಂದು ಅತ್ತೆ ತಡೆದರು. ಜೂನ್ ತಿಂಗಳಲ್ಲಿ ಅವರಿಗೆ ತಿಳಿಯದಂತೆ ಹೋಗಿ ಅಗೆದೆ. ಇರಲಿಲ್ಲ. ಬೇಸಿಗೆಯಲ್ಲಿ ಯಾರೋ ಟೋಪಿ ಹಾಕಿದವರು ಬಂದು ಆ ಕಲ್ಲುಗಳ ನಡುವೆ ನಾಲ್ಕು ದಿನ ಅಗೆದು ಹೋದರೆಂದು ಆಮೇಲೆ ಗೊತ್ತಾಯಿತು.

ನೀವು ಅಷ್ಟು ದೂರದಿಂದ ನನಗಾಗಿ ಕಳಿಸಿದ್ದನ್ನು ಕಾಯ್ದುಕೊಳ್ಳಲು ನನಗೆ ಆಗಲಿಲ್ಲ. ಈಗ ನೀವು ಬಂದರೂ ಕಂಕಣ ಬಿಚ್ಚುವಂತಿಲ್ಲ. ಏನು ಮಾಡಲಿ ಹೇಳಿ.

ರೇಣಮ್ಮ


ಹೈದರಾಬಾದು
೪ ಫೆಬ್ರುವರಿ ೧೯೫೧

ರೇಣಮ್ಮಾ,

ಮೂರು ತಿಂಗಳು ಸುಮ್ಮನಿದ್ದೆ. ಬರಿಗೈಲಿ ಬರೆಯಬಾರದೆಂದು ಹಟ ಹಿಡಿದಿದ್ದೆ. ಈಗ ಕೇಳು.

ನಿಮ್ಮ ಆ ಟೋಪಿಯವರು ನಮ್ಮ ಕಚೇರಿಯವರೇ. ಶಹಾಪುರ, ಸುರಪುರದ ಕಲ್ಲುಗೋರಿಗಳನ್ನು ನೋಡಿಬರಲು ಹೋದ ತಂಡ. ಅವರು ತಂದ ಪೆಟ್ಟಿಗೆಗಳು ಉಗ್ರಾಣದಲ್ಲಿ ಬಿಚ್ಚದೆ ಬಿದ್ದಿದ್ದವು. ದಿನಾ ಕೆಲಸ ಮುಗಿದ ಮೇಲೆ ಒಂದೊಂದೇ ಪೆಟ್ಟಿಗೆ ಬಿಚ್ಚಲು ಅಪ್ಪಣೆ ತೆಗೆದುಕೊಂಡೆ. ಎಷ್ಟು ಮಡಕೆಚೂರು, ಎಷ್ಟು ಮಣ್ಣು! ಮೊನ್ನೆ ಗುರುವಾರ ಹತ್ತಿಯಲ್ಲಿ ಸುತ್ತಿದ ಒಂದು ಬಾಕು ಸಿಕ್ಕಿತು. ಹಿಡಿಯ ಕಟ್ಟಿಗೆಯನ್ನು ಗೆದ್ದಲು ತಿಂದು ಬರೀ ಕಬ್ಬಿಣ ಉಳಿದಿದೆ. ಚೀಟಿಯಲ್ಲಿ ಬರೆದಿತ್ತು: ವನದುರ್ಗ, ಮೂರನೆಯ ಕಲ್ಲುವೃತ್ತ, ಬಹು ಪ್ರಾಚೀನ, ಸುಮಾರು ಎರಡು ಸಾವಿರ ವರ್ಷ.

ಅಲಗಿನ ಮೇಲೆ ಒಂದು ಕಚ್ಚು ಇತ್ತು. ನಮ್ಮ ಮುತ್ಯಾ ಮಹಾನವಮಿಗೆ ಅದರಿಂದಲೇ ತೆಂಗಿನಕಾಯಿ ಒಡೆಯಲು ಹೋಗಿ ಮಾಡಿದ್ದು. ಅವನು ಸಾಯುವವರೆಗೂ ಅವ್ವ ಅದಕ್ಕಾಗಿ ಅವನನ್ನು ಆಡಿಕೊಂಡಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸುಮ್ಮನಿದ್ದಿದ್ದರೆ ಅದು ಗಾಜಿನ ಕಪಾಟು ಸೇರುತ್ತಿತ್ತು. ಮಾತಾಡಿದರೆ ಅವ್ವ ಆಯುಧ ಬಚ್ಚಿಟ್ಟದ್ದು ಹೊರಬೀಳುತ್ತಿತ್ತು. ಒಂದು ದಿನ ಯೋಚಿಸಿದೆ. ಆಮೇಲೆ ಅದನ್ನು ಶರೀಫಸಾಬರ ಮುಂದಿಟ್ಟು ಎಲ್ಲ ಹೇಳಿದೆ, ನಿನ್ನ ಕಂಕಣದ್ದೂ ಸೇರಿಸಿ.

‘ಎರಡು ಸಾವಿರ ವರ್ಷದ್ದು ಅಂತ ಬರದಾರಲ್ಲೋ?’ ಅಂದರು.

‘ಎರಡೂವರಿ ವರ್ಷದ್ದರಿ. ನಮ್ಮವ್ವ ಹೂತಿಟ್ಟಿದ್ದು,’ ಅಂದೆ.

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಪಟ್ಟಿಯಲ್ಲಿ ಆ ಸಾಲಿನ ಮೇಲೆ ಗೀಟು ಎಳೆದು ಬಾಕನ್ನು ನನ್ನ ಕಡೆ ಸರಿಸಿದರು. ‘ಒಬ್ಬ ಹೆಣ್ಣಮಗಳ ಕೈ ಬಿಡಸೋ ಕಬ್ಬಿಣ ನನ್ನ ಪೆಟ್ಟಿಗ್ಯಾಗ ಯಾಕಿರಬೇಕು? ಒಯ್ಯಿ,’ ಅಂದರು.

ಯುಗಾದಿಗೆ ಮೊದಲೇ ರಜೆ ಕೇಳಿದ್ದೇನೆ. ಬಾಕು ತೆಗೆದುಕೊಂಡು ಬರುತ್ತೇನೆ, ಕಂಕಣ ಕೊಯ್ಯುತ್ತೇನೆ, ನಿನ್ನನ್ನು ಕರೆದುಕೊಂಡು ಬರುತ್ತೇನೆ. ಇನ್ನು ಅಳಬೇಡ.

ನಿನ್ನ
ಸಾಬಣ್ಣ


ವನದುರ್ಗ
೫ ಫೆಬ್ರುವರಿ ೧೯೫೧

ಸಾಬಣ್ಣನವರಿಗೆ,

ಹೆಸರು ಹಿಡಿದು ಬರೆದಳೆಂದು ಗಾಬರಿಯಾಗಬೇಡಿ. ಇನ್ನು ಮುಂದೆ ಬರೆಯಬಹುದು.

ಮೂರು ತಿಂಗಳಾದರೂ ನಿಮ್ಮಿಂದ ಪತ್ರವಿಲ್ಲ. ಬಾಕು ಕಳೆದವಳು ಬೇಡವೆಂದು ನೀವು ಸುಮ್ಮನಾಗಿರಬೇಕು ಎಂದುಕೊಂಡೆ. ಊಟ ಸೇರಲಿಲ್ಲ. ನನ್ನ ಸ್ಥಿತಿ ನೋಡಲಾರದೆ ಅತ್ತೆ ನಿನ್ನೆ ಒಲೆಯ ಮುಂದೆ ಕುಳಿತು ಬಾಯಿ ಬಿಟ್ಟರು.

‘ಸಾಬಣ್ಣಗ ಯಾರೂ ಕೇಳೇ ಇಲ್ಲವ್ವಾ. ಗ್ವಾಡಿ ಮ್ಯಾಲಿನ ಬಾಕು ನಾನ ಇಳಿಸಿ ಕೊಟ್ಟೆ. ಗಡಿಯಾಚೆ ಹೋದ ಮಗ ತಿರುಗಿ ಬರಬೇಕಾದ್ರ ಮನ್ಯಾಗ ಒಂದು ಗಂಟು ಇರಬೇಕು ಅನಸ್ತು.’

ಆ ಗಂಟು ನಾನು. ನಿಮಗೆ ಮದುವೆಯಾದ ಸುದ್ದಿ ಸಿಕ್ಕದ್ದೇ ಆರು ತಿಂಗಳ ಮೇಲೆ ಒಂದು ಕಾರ್ಡಿನಲ್ಲಂತೆ.

ಅತ್ತೆಯ ಮೇಲೆ ಸಿಟ್ಟಿಲ್ಲ. ಅವರೂ ತಾಯಿ. ಸಿಟ್ಟಿರುವುದು ನಿಮ್ಮ ಮೇಲೆ. ಒಂದು ವರ್ಷ ಪತ್ರ ಬರೆದಿರಿ, ನೀವೇ ಕಳಿಸಿದ ಬಾಕು ಎಂದು ನಾನು ಬರೆದಾಗಲೆಲ್ಲ ಓದಿ ಸುಮ್ಮನಾದಿರಿ. ನಾನು ಒಬ್ಬಳೇ ಸಂಸಾರ ಮಾಡುತ್ತಿದ್ದೆನಲ್ಲ, ನೋಡಿ ಅಯ್ಯೋ ಪಾಪ ಎನಿಸಿತೇ?

ಈ ದಿನ ಮುಂಜಾನೆ ಉಳ್ಳಾಗಡ್ಡಿ ಹೆಚ್ಚುವ ಈಳಿಗೆಯ ಮುಂದೆ ಕುಳಿತು ಕಂಕಣವನ್ನು ನಾನೇ ಕೊಯ್ದುಕೊಂಡೆ. ಮೊಂಡು ಈಳಿಗೆ, ಉಣ್ಣೆ ಬೇಗ ಹರಿಯಲಿಲ್ಲ. ಕೈಗೆ ಸ್ವಲ್ಪ ಗಾಯವಾಗಿದೆ, ಅಷ್ಟೇ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು, ತಡೆಯಲಿಲ್ಲ.

ನಮ್ಮಣ್ಣ ಹುಲಗಪ್ಪ ಕರೆಯಲು ಬರುತ್ತಾನೆ. ಅಬ್ಬೆತುಮಕೂರಿಗೆ ಹೋಗುತ್ತೇನೆ. ನೀವು ಒಪ್ಪದ ಮದುವೆಗೆ ನಿಮ್ಮನ್ನು ಹಿಡಿದಿಡಲು ನನಗೆ ಬಾಯಿಲ್ಲ. ನಿಮಗೆ ಮನಸ್ಸಿಗೆ ಬಂದವಳು ಸಿಗಲಿ. ಸುಳ್ಳಾಡುವುದಿಲ್ಲ, ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ.

ರೇಣಮ್ಮ


ಹೈದರಾಬಾದು
೧೭ ಫೆಬ್ರುವರಿ ೧೯೫೧

ಅಬ್ಬೆತುಮಕೂರಿನ ರೇಣಮ್ಮನಿಗೆ,

ನನ್ನ ಪತ್ರ ವನದುರ್ಗಕ್ಕೆ ಹೋಗುವ ಹೊತ್ತಿಗೆ ನಿನ್ನದು ಇಲ್ಲಿಗೆ ಹೊರಟಿತ್ತು. ಅದನ್ನು ಅವ್ವ ನಿನಗೆ ಕಳಿಸಿದ್ದರೆ ಓದು. ಕಳಿಸದಿದ್ದರೂ ಪರವಾಗಿಲ್ಲ. ಅದರಲ್ಲಿಯೂ ನಾನು ನಿಜ ಹೇಳಿರಲಿಲ್ಲ.

ಅವ್ವ ಹೇಳಿದ್ದು ಖರೆ. ನನ್ನನ್ನು ಯಾರೂ ಕೇಳಲಿಲ್ಲ. ಕಾರ್ಡು ಬಂದಾಗ ಅವ್ವನ ಮೇಲೆ ಸಿಟ್ಟು ಬಂತು. ಹೆಸರು ಬಿಟ್ಟರೆ ಏನೂ ಗೊತ್ತಿಲ್ಲದ ನಿನ್ನ ಮೇಲೂ ಬಂತು. ಊರಿಗೆ ಬರದೆ ಉಳಿದದ್ದು ಅದಕ್ಕೇ. ರಜೆಯ ನೆಪ ಸುಳ್ಳು. ನಿನ್ನ ಮೊದಲ ಪತ್ರಕ್ಕೆ ಕಲ್ಲಿನ ಮಾತು ಬರೆದದ್ದು ನಿನ್ನ ಪ್ರಶ್ನೆಯಿಂದ ಜಾರಿಕೊಳ್ಳಲು.

ಆಮೇಲೆ ನೀನು ಮೂರು ದಿನ ಕಲ್ಲು ತಿಕ್ಕಿದ್ದು ಓದಿದೆ. ಸಿಟ್ಟು ಎಲ್ಲಿ ಹೋಯಿತೋ. ನಾನೇ ಬಾಕು ಕಳಿಸಿದೆನೆಂದು ನೀನು ನಂಬಿದ್ದೆ, ಸುಳ್ಳೆಂದು ಹೇಳಿದರೆ ನಿನಗೆ ನೋವಾದೀತು, ಅದಕ್ಕೆ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ಖರೆಯಲ್ಲ. ಗೊತ್ತಾದರೆ ನೀನು ಎದ್ದು ಹೋಗುತ್ತೀಯೆಂದು ಹೆದರಿದ್ದೆ. ಅಯ್ಯೋ ಪಾಪ ಎನಿಸಲಿಲ್ಲ ರೇಣಮ್ಮಾ. ನಿನ್ನ ಪತ್ರ ಬರುವ ವಾರ ನಾನು ಅಳತೆ ತಪ್ಪುತ್ತಿದ್ದೆ. ಶರೀಫಸಾಬರನ್ನು ಕೇಳು ಬೇಕಾದರೆ.

ನಿನ್ನ ಕೈಯ ಗಾಯ ಮಾಗಿತೇ? ಅದನ್ನು ಮೊದಲು ಕೇಳಬೇಕಿತ್ತು.

ಬಾಕನ್ನು ಇಲ್ಲಿಯ ಠಾಣೆಗೆ ಕೊಟ್ಟು ಬಂದೆ. ಎಲ್ಲಿ ಸಿಕ್ಕಿತೆಂದರು, ಮಣ್ಣಿನಲ್ಲಿ ಎಂದೆ. ತುಕ್ಕು ಹಿಡಿದ ಚೂರಿ ಒಂದು ಎಂದು ಬರೆದುಕೊಂಡರು. ಅವ್ವನಿಗೂ ಇನ್ನು ಭಯವಿಲ್ಲ. ಅದು ನನ್ನ ಪರವಾಗಿ ಕಂಬಳಿಯ ಮೇಲೆ ಕುಳಿತದ್ದು ಸಾಕು.

ಮಾರ್ಚ್ ಹನ್ನೆರಡರ ಸೋಮವಾರ ಯಾದಗಿರಿ ಸ್ಟೇಷನ್ನಿಗೆ ಇಳಿದು, ಅಲ್ಲಿಂದ ಅಬ್ಬೆತುಮಕೂರಿಗೆ ನಡೆದು ಬರುತ್ತೇನೆ. ಕೈಯಲ್ಲಿ ಏನೂ ಇರುವುದಿಲ್ಲ. ನನ್ನನ್ನು ಯಾರೂ ಕೇಳಲಿಲ್ಲವೆಂದು ಇಷ್ಟು ದಿನ ಕುದಿದೆ. ನಿನ್ನನ್ನೂ ಯಾರೂ ಕೇಳಿರಲಿಲ್ಲ, ಅದು ನನಗೆ ಹೊಳೆದದ್ದು ನಿನ್ನ ಈಳಿಗೆಯ ಮಾತು ಓದಿದ ಮೇಲೆ. ಈಗ ಕೇಳುತ್ತಿದ್ದೇನೆ. ನನ್ನನ್ನು ಮದುವೆಯಾಗುತ್ತೀಯಾ? ಒಲ್ಲೆ ಎಂದರೆ ಒಂದು ಸಾಲು ಬರೆ, ಬರುವುದಿಲ್ಲ. ಆದರೆ ಬರೆಯಬೇಡ.

ಸಾಬಣ್ಣ


ಅಬ್ಬೆತುಮಕೂರು
೧ ಮಾರ್ಚ್ ೧೯೫೧

ನಿಮ್ಮ ಎರಡೂ ಪತ್ರ ಸಿಕ್ಕವು. ಮೊದಲಿನದನ್ನು ಅತ್ತೆ ನಡೆದುಕೊಂಡೇ ತಂದುಕೊಟ್ಟರು, ಆ ಮೊಣಕಾಲು ಇಟ್ಟುಕೊಂಡು. ಎರಡು ದಿನ ಇಲ್ಲಿಯೇ ಇದ್ದು, ನಮ್ಮವ್ವನ ಕೈಲಿ ಬೈಸಿಕೊಂಡು, ಊಟ ಮಾಡಿ ಹೋದರು.

ಗಾಯ ಮಾಗಿದೆ. ಮೂರು ವರ್ಷ ಕಂಕಣವಿದ್ದ ಜಾಗ ಬೆಳ್ಳಗೆ ಕಾಣುತ್ತದೆ, ಬಿಸಿಲಿಗೆ ಸರಿಯಾದೀತು.

ಒಂದು ಸಾಲು ಬರೆದರೆ ಬರುವುದಿಲ್ಲ ಎಂದಿರಿ. ಆ ಹೆದರಿಕೆಗೆ ಇಷ್ಟು ಸಾಲು ಬರೆಯುತ್ತಿದ್ದೇನೆ. ಹನ್ನೆರಡನೆಯ ತಾರೀಖಿಗೆ ಅಪ್ಪ ಕುರಿ ಮೇಯಿಸಲು ಹತ್ತಿಕುಣಿಯ ಕೆರೆಯ ಕಡೆ ಹೋಗುವವನಿದ್ದ, ಬೇಡವೆಂದು ನಿಲ್ಲಿಸಿದ್ದೇನೆ. ಯಾಕೆಂದು ಕೇಳಿದ. ಹೈದರಾಬಾದಿನಿಂದ ಒಬ್ಬರು ಬರುವವರಿದ್ದಾರೆ ಎಂದೆ. ಗಡ್ಡ ಕೆರೆದುಕೊಳ್ಳುತ್ತ ನಕ್ಕ.

ಊರ ಹಿರಿಯರೂ ಕೂಡುತ್ತಾರೆ. ಅವರು ಮಾತು ತೆಗೆಯುವ ಮೊದಲು, ಅಪ್ಪನಿಗೂ ಕೈ ಮುಗಿಯುವ ಮೊದಲು, ಕಾಗದದಲ್ಲಿ ಕೇಳಿದ್ದನ್ನು ಬಾಯಲ್ಲಿ ಕೇಳಬೇಕು. ನಾನು ಬಾಗಿಲ ಹಿಂದೆ ನಿಂತಿರುವುದಿಲ್ಲ, ಅಂಗಳದಲ್ಲೇ ಇರುತ್ತೇನೆ. ನಾಲ್ಕು ಮಂದಿಗೆ ಕೇಳುವ ಹಾಗೆ, ಗಟ್ಟಿಯಾಗಿ, ನನ್ನನ್ನೇ ಕೇಳ್ರಿ. ಹೂಂ ಅಂತೀನಿ.

ರೇಣಮ್ಮ